ಬೆಲ್ಟು ನಿಲ್ಲಿಸುವ ಅಧಿಕಾರ

ಗಣಿಗಳಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವರ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ ಎಂದರೆ ಎದುರಿನವರು ಮೊದಲು ಕೇಳುವುದು, 'ಅದಕ್ಕೆ ಆಕರ ಎಲ್ಲಿ ಸಿಗುತ್ತೆ?' ಎಂದು. ನ್ಯಾಯವಾದ ಪ್ರಶ್ನೆ. ಗಣಿ ಕಂಪನಿಗಳ ಕಡತಗಳಲ್ಲಿ ಯಾವ ವರ್ಷ ಎಷ್ಟು ಟನ್ ಅದಿರು ತೆಗೆದರು, ಯಾವ ಸಾಹೇಬರ ಕಾಲದಲ್ಲಿ ಯಾವ ಹೊಸ ಯಂತ್ರ ಬಂತು ಎಂಬುದೆಲ್ಲ ಅಚ್ಚುಕಟ್ಟಾಗಿ ಇರುತ್ತದೆ. ಬಂದ ಯಂತ್ರವನ್ನು ಮೂವತ್ತು ವರ್ಷ ಓಡಿಸಿಕೊಂಡು ಹೋದವರ ಬಗ್ಗೆ ಒಂದು ಸಾಲು ಬೇಕೆಂದರೆ ಹುಡುಕಿ ಸಾಕಾಗುತ್ತದೆ. ಯಂತ್ರ ಸರಿಯಾಗಿ ಓಡಿದ ದಿನದಿಂದ ಕಾಗದ ಹುಟ್ಟುವುದಿಲ್ಲ. ಅದು ಕೆಟ್ಟು, ಜನ ಸತ್ತು, ಸರ್ಕಾರ ವಿಚಾರಣೆಗೆ ಕೂತಾಗ ಮಾತ್ರ ಎಣ್ಣೆ ಹಾಕುವವನ ಹೆಸರು, ಅವನ ಪಾಳಿ, ಅವನು ಎಷ್ಟು ಗಂಟೆಗೆ ಏನು ಕಂಡ, ಯಾರಿಗೆ ಹೇಳಿದ ಎಂಬುದೆಲ್ಲ ಬರವಣಿಗೆಗೆ ಇಳಿಯುತ್ತದೆ. ಹಾಗಾಗಿ ರಿಪೇರಿಯ ಚರಿತ್ರೆ ಬರೆಯಹೊರಟ ನನ್ನ ಮೇಜಿನ ಮೇಲೆ ರಾಶಿ ಬಿದ್ದಿರುವುದು ಅಪಘಾತಗಳ ವರದಿಗಳು.

ಆ ರಾಶಿಯಲ್ಲಿ ಕನ್ವೇಯರ್ ಬೆಲ್ಟಿಗೆ ಸಂಬಂಧಿಸಿದ್ದನ್ನು ಬೇರೆ ಎತ್ತಿಟ್ಟುಕೊಂಡಿದ್ದೇನೆ. ಅದಿರು, ಕಲ್ಲಿದ್ದಲು, ಸಿಮೆಂಟು, ಸಕ್ಕರೆ, ವಿಮಾನ ನಿಲ್ದಾಣದ ಸೂಟ್‌ಕೇಸು ಎಲ್ಲವನ್ನೂ ಹೊತ್ತು ಸಾಗುವ ಈ ಪಟ್ಟಿಯಷ್ಟು ಸರಳವಾದ ಯಂತ್ರ ಇನ್ನೊಂದಿಲ್ಲ. ಎರಡು ತುದಿಗೆ ಎರಡು ಪುಲ್ಲಿ, ನಡುವೆ ಸಾಲು ರೋಲರುಗಳು, ಅವುಗಳ ಮೇಲೆ ಕೊನೆಯಿಲ್ಲದ ಒಂದು ರಬ್ಬರ್ ಪಟ್ಟಿ, ತಿರುಗಿಸಲು ಒಂದು ಮೋಟಾರು. ಇದರಲ್ಲಿ ತಿಳಿಯದೆ ಉಳಿಯುವಂಥದ್ದು ಏನಿದೆ ಎನ್ನಿಸುತ್ತದೆ. ಆದರೆ ಬೆಲ್ಟಿನ ಅಪಘಾತಗಳನ್ನು ಓದುತ್ತಾ ಹೋದಂತೆ ನನಗೆ ಬಲವಾಗುತ್ತಿರುವ ಅನುಮಾನ ಇಷ್ಟು: ತಿಳಿವಳಿಕೆಯ ಕೊರತೆಯಿಂದ ಕೆಟ್ಟ ಬೆಲ್ಟುಗಳು ಕಡಿಮೆ. ಯಾರೋ ಒಬ್ಬರಿಗೆ ಗೊತ್ತಿರುತ್ತದೆ. ಗೊತ್ತಿದ್ದವರ ಕೈಯಲ್ಲಿ ಅದನ್ನು ನಿಲ್ಲಿಸುವ ಅಧಿಕಾರ ಇತ್ತೇ ಎಂಬುದು ಬೇರೆಯೇ ಮಾತು.

ಈ ಯಂತ್ರದ ಹುಟ್ಟೇ ಸವೆತವನ್ನು ಕಣ್ಣಿಟ್ಟು ನೋಡಿದ ಒಬ್ಬನಿಂದ ಆಯಿತು. 1890ರ ದಶಕದ ಮೊದಲಲ್ಲಿ ಥಾಮಸ್ ಎಡಿಸನ್, ಹೌದು ಬಲ್ಬಿನ ಎಡಿಸನ್ನೇ, ಅಮೆರಿಕದ ನ್ಯೂಜೆರ್ಸಿಯ ಆಗ್ಡೆನ್ಸ್‌ಬರ್ಗ್ ಎಂಬಲ್ಲಿ ಬಡ ಕಬ್ಬಿಣದ ಅದಿರನ್ನು ಪುಡಿಮಾಡಿ ಅಯಸ್ಕಾಂತದಿಂದ ಕಬ್ಬಿಣ ಬೇರ್ಪಡಿಸುವ ದೊಡ್ಡ ಸಾಹಸಕ್ಕೆ ಕೈಹಾಕಿದ್ದ. ಅದಿರು ಸಾಗಿಸಲು ಅಲ್ಲಿ ಪಟ್ಟಿಗಳಿದ್ದವು. ಕ್ಯಾನ್ವಾಸ್ ಬಟ್ಟೆಯ ಪದರಗಳು, ಮೇಲೊಂದು ತೆಳುವಾದ ರಬ್ಬರ್ ಲೇಪ. ಅವು ಬೇಗಬೇಗ ಹರಿದುಹೋಗುತ್ತಿದ್ದವು. ರಬ್ಬರ್ ಕಂಪನಿಯ ಕೆಲಸದಲ್ಲಿದ್ದ ಥಾಮಸ್ ರಾಬಿನ್ಸ್ ಎಂಬ ಯುವಕ ಅಲ್ಲಿಗೆ ಹೋದಾಗ ಗಮನಿಸಿದ್ದು ಬೆಲ್ಟು ಎಲ್ಲಿ, ಹೇಗೆ ಸವೆಯುತ್ತಿದೆ ಎಂಬುದನ್ನು. ಗಟ್ಟಿ ಎಂದುಕೊಂಡಿದ್ದ ಬಟ್ಟೆ ಅದಿರಿನ ಉಜ್ಜಾಟಕ್ಕೆ ಬೇಗ ತಿಂದುಹೋಗುತ್ತಿತ್ತು, ಮೆತ್ತಗಿನ ರಬ್ಬರ್ ಅದಕ್ಕಿಂತ ಹೆಚ್ಚು ಬಾಳುತ್ತಿತ್ತು. ಅಲ್ಲಿಂದ ಮುಂದಿನದು ಸುಲಭದ ತರ್ಕ. ಬಟ್ಟೆಗೆ ಎಳೆತ ತಡೆಯುವ ಕೆಲಸ, ಮೇಲಿನ ರಬ್ಬರಿಗೆ ಸವೆಯುವ ಕೆಲಸ. ಹೆಚ್ಚು ಪೆಟ್ಟು ಬೀಳುವ ನಡುಭಾಗದಲ್ಲಿ ರಬ್ಬರ್ ಇನ್ನಷ್ಟು ದಪ್ಪ. ರಾಬಿನ್ಸನ ಬೆಲ್ಟಿಗೆ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ದೊಡ್ಡ ಬಹುಮಾನ ಬಂತು. ಎಡಿಸನ್ನನ ಕಬ್ಬಿಣದ ಸಾಹಸ ಮಾತ್ರ ಮಕಾಡೆ ಮಲಗಿತು. ಅವನು ಅದರಲ್ಲಿ ಕಳೆದುಕೊಂಡ ಹಣದ ಕತೆಯನ್ನು ಅವನ ಜೀವನಚರಿತ್ರೆಕಾರರೆಲ್ಲ ಬರೆದಿದ್ದಾರೆ. ಅಲ್ಲಿ ಉಳಿದುಕೊಂಡ ಲಾಭ ಈ ಪಟ್ಟಿ ಎಂದು ಹೇಳುವವರು ಕಡಿಮೆ.

1905ರ ಹೊತ್ತಿಗೆ ಐರ್ಲೆಂಡಿನ ಗಣಿ ಎಂಜಿನಿಯರ್ ರಿಚರ್ಡ್ ಸಟ್‌ಕ್ಲಿಫ್ ಬೆಲ್ಟನ್ನು ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಒಳಗೆ ಇಳಿಸಿದ. ನೆಲದ ಮೇಲೆ ಬೆಲ್ಟು ಹರಿದರೆ ಸರಕು ಚೆಲ್ಲುತ್ತದೆ, ಕೆಲಸ ನಿಲ್ಲುತ್ತದೆ. ನೆಲದ ಕೆಳಗಿನ ಲೆಕ್ಕವೇ ಬೇರೆ. ಗಣಿಯೊಳಗೆ ಗಾಳಿ ಹೋಗುವ ದಾರಿ, ಜನ ಹೋಗುವ ದಾರಿ, ಬೆಲ್ಟು ಹೋಗುವ ದಾರಿ ಬಹಳ ಸಲ ಒಂದೇ. ಮೈಲಿಗಟ್ಟಲೆ ಉದ್ದದ ರಬ್ಬರ್ ಪಟ್ಟಿಯನ್ನು ಆ ದಾರಿಯಲ್ಲಿ ಹಾಸಿದರೆ ಅಷ್ಟುದ್ದದ ಉರುವಲನ್ನು ಗಾಳಿ ಬರುವ ಕಡೆಗೇ ಹಾಸಿದಂತೆ. ಇದು ಆಗ ಯಾರಿಗೂ ದೊಡ್ಡ ಅಪಾಯವಾಗಿ ಕಾಣಲಿಲ್ಲ. ಗಣಿಯಲ್ಲಿ ಎಲ್ಲರೂ ಹೆದರುತ್ತಿದ್ದುದು ಮೀಥೇನ್ ಅನಿಲಕ್ಕೆ, ಕಲ್ಲಿದ್ದಲ ದೂಳು ಸಿಡಿಯುವುದಕ್ಕೆ, ಚಾವಣಿ ಕುಸಿಯುವುದಕ್ಕೆ.

ಬೆಲ್ಟಿಗೆ ಬೆಂಕಿ ಹೇಗೆ ಹತ್ತುತ್ತದೆ? ಬೆಲ್ಟನ್ನು ಓಡಿಸುವುದು ಡ್ರೈವ್ ಪುಲ್ಲಿಗೂ ರಬ್ಬರಿಗೂ ನಡುವಿನ ಹಿಡಿತ. ಬೆಲ್ಟು ಎಲ್ಲಾದರೂ ಸಿಕ್ಕಿಕೊಂಡು ನಿಂತಿತು ಅಥವಾ ಜಾರತೊಡಗಿತು ಅಂದುಕೊಳ್ಳಿ. ಮೋಟಾರಿಗೆ ಅದು ಗೊತ್ತಾಗುವುದಿಲ್ಲ. ಪುಲ್ಲಿ ನಿಂತ ರಬ್ಬರಿನ ಮೇಲೆ ತಿರುಗುತ್ತಲೇ ಇರುತ್ತದೆ. ಅಂಗೈ ಅಂಗೈ ಉಜ್ಜಿದರೆ ಬಿಸಿಯಾಗುವ ಹಾಗೆ, ಅದಕ್ಕೆ ನೂರಾರು ಅಶ್ವಶಕ್ತಿ ಸೇರಿಸಿ ನೋಡಿ. ಇನ್ನೊಂದು ದಾರಿ ರೋಲರಿನದು. ಬೇರಿಂಗ್ ಹೋಗಿ ರೋಲರ್ ಜಾಮ್ ಆದರೆ ಅದರ ಮೇಲೆ ಬೆಲ್ಟು ಉಜ್ಜಿಕೊಂಡೇ ಓಡುತ್ತದೆ. ಕಬ್ಬಿಣದ ಕೊಳವೆ ಒಂದೇ ಕಡೆ ತೆಳುವಾಗುತ್ತಾ ಕೊನೆಗೆ ಬ್ಲೇಡಿನಂತಾಗಿ ಬೆಲ್ಟನ್ನೇ ಸೀಳುತ್ತದೆ. ಸುತ್ತ ಚೆಲ್ಲಿದ ಕಲ್ಲಿದ್ದಲ ಪುಡಿ ಇದ್ದರಂತೂ ಕೇಳುವುದೇ ಬೇಡ. ಮೂರನೆಯದು ಬೆಲ್ಟು ದಾರಿ ತಪ್ಪಿ ಒಂದು ಮಗ್ಗುಲಿಗೆ ಸರಿದು ಕಬ್ಬಿಣದ ಚೌಕಟ್ಟಿಗೆ ಅಂಚು ತಿಕ್ಕುವುದು. ಇವು ಯಾವುವೂ ಒಂದು ಗಳಿಗೆಯಲ್ಲಿ ಆಗುವಂಥವಲ್ಲ. ಸದ್ದು ಬದಲಾಗುತ್ತದೆ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ, ಅಂಚಿನಿಂದ ನಾರು ಎದ್ದು ಕಾಣುತ್ತದೆ.

ಕ್ರೆಸ್‌ವೆಲ್ ಇಂಗ್ಲೆಂಡಿನ ಡರ್ಬಿಶೈರಿನ ಒಂದು ಗಣಿ ಊರು. ಪಕ್ಕದಲ್ಲೇ ಹಿಮಯುಗದ ಮನುಷ್ಯರು ವಾಸವಿದ್ದ ಗುಹೆಗಳಿವೆ. ಅಲ್ಲಿ 1876ರಲ್ಲಿ ಎಲುಬಿನ ಚೂರಿನ ಮೇಲೆ ಕೊರೆದ ಕುದುರೆಯ ಚಿತ್ರ ಸಿಕ್ಕಿತ್ತು. ಚರಿತ್ರೆ ಓದುವವರಿಗೆ ಕ್ರೆಸ್‌ವೆಲ್ ಎಂದರೆ ಆ ಕುದುರೆಯೇ ನೆನಪಾಗುವುದು. ಊರವರಿಗೆ ಹಾಗಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದಲ್ಲಿ ಬೋಲ್ಸೋವರ್ ಕಂಪನಿ ಗಣಿ ತೋಡಿಸಿತು, ಕಾರ್ಮಿಕರಿಗೆಂದು ಮಾದರಿ ಗ್ರಾಮವನ್ನೂ ಕಟ್ಟಿಸಿತು. 1947ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳೆಲ್ಲ ರಾಷ್ಟ್ರೀಕರಣವಾದಾಗ ಇದೂ ಸರ್ಕಾರದ್ದಾಯಿತು.

1950ರ ಸೆಪ್ಟೆಂಬರ್ 26ರ ಬೆಳಗಿನ ಜಾವ, ಮೂರೂಮುಕ್ಕಾಲರ ಸುಮಾರಿಗೆ, ಗಣಿಯ ನೈರುತ್ಯ ಭಾಗಕ್ಕೆ ಹೋಗುವ ಮುಖ್ಯ ಬೆಲ್ಟಿನ ಒಂದು ಟ್ರಾನ್ಸ್‌ಫರ್ ಪಾಯಿಂಟಿನಲ್ಲಿ, ಅಂದರೆ ಒಂದು ಬೆಲ್ಟಿನ ಕಲ್ಲಿದ್ದಲು ಇನ್ನೊಂದು ಬೆಲ್ಟಿಗೆ ಬೀಳುವ ಜಾಗದಲ್ಲಿ, ಬೆಂಕಿ ಹೊತ್ತಿಕೊಂಡಿತು. ಹಾನಿಯಾಗಿದ್ದ ಬೆಲ್ಟು ಹರಿದು, ಹರಿದ ರಬ್ಬರು ಕಲ್ಲಿದ್ದಲು ಬೀಳುವ ಚ್ಯೂಟಿನೊಳಗೆ ತುರುಕಿಕೊಂಡಿತ್ತು. ಯಂತ್ರ ಓಡುತ್ತಲೇ ಇತ್ತು. ಉಜ್ಜಿಕೊಂಡ ರಬ್ಬರು ಕಾದು ಹತ್ತಿಕೊಂಡಿತು. ಜಾಗ ಗಾಳಿ ಒಳಗೆ ಬರುವ ದಾರಿಯಲ್ಲಿದ್ದುದರಿಂದ ಹೊಗೆ ಬೇರೆಲ್ಲಿಗೂ ಹೋಗದೆ ಜನ ಕೆಲಸ ಮಾಡುತ್ತಿದ್ದ ಕಡೆಗೇ ನುಗ್ಗಿತು. ರಬ್ಬರ್ ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಐವತ್ತೊಂದು ಜನ ಆ ಭಾಗದಿಂದ ಹೊರಗೆ ಬಂದರು. 80 ಜನ ಬರಲಿಲ್ಲ.

ಇದರ ಮುಂದಿನ ಭಾಗವನ್ನು ಓದಿದ ದಿನ ನಾನು ಗ್ರಂಥಾಲಯದಿಂದ ಬೇಗ ಎದ್ದುಬಂದೆ. ರಕ್ಷಣಾ ತಂಡಗಳು 47 ದೇಹಗಳನ್ನು ಹೊರತೆಗೆದ ಮೇಲೆ, ಒಳಗೆ ಇನ್ನು ಯಾರೂ ಬದುಕಿರಲು ಸಾಧ್ಯವಿಲ್ಲ, ಬೆಂಕಿ ನಿಲ್ಲುತ್ತಿಲ್ಲ ಎಂದು ಖಚಿತವಾಗಿ ದಾರಿಯನ್ನು ಮುಚ್ಚಿಬಿಡುವ ತೀರ್ಮಾನವಾಯಿತು. ಗಾಳಿ ಸಿಗದೆ ಬೆಂಕಿ ಸಾಯಲಿ ಎಂದು. ಇನ್ನೂ 33 ಜನರ ದೇಹಗಳು ಒಳಗಿದ್ದವು. ಅವು ಮೇಲೆ ಬಂದದ್ದು ಮರುವರ್ಷ, 1951ರಲ್ಲಿ, ಒಂದೇ ಸಲವೂ ಅಲ್ಲ. ಸಾವಿರಾರು ಜನರ ಸಣ್ಣ ಊರು. ಮಾದರಿ ಗ್ರಾಮದ ಸಾಲುಮನೆಗಳಲ್ಲಿ ತಿಂಗಳುಗಟ್ಟಲೆ ಮಣ್ಣಿಗಾಗಿ ಕಾಯುತ್ತಿದ್ದ ಹೆಂಗಸರನ್ನು ಕುರಿತು ವಿಚಾರಣಾ ವರದಿ ಏನೂ ಹೇಳುವುದಿಲ್ಲ, ಅದು ಹೇಳಬೇಕಾದ್ದೂ ಅಲ್ಲ. ಗಣಿಗಳ ಮುಖ್ಯ ಇನ್‌ಸ್ಪೆಕ್ಟರ್ ಸರ್ ಆಂಡ್ರ್ಯೂ ಬ್ರಯನ್ ಬರೆದ ಆ ವರದಿಗೆ ಬೇಕಿದ್ದದ್ದು ಕಾರಣ. ಬೆಲ್ಟು ಏಕೆ ಹರಿಯಿತು, ಹರಿದದ್ದು ಏಕೆ ಹೊತ್ತಿತು, ಹೊತ್ತಿದ್ದು ಏಕೆ ನಂದಲಿಲ್ಲ.

ಕ್ರೆಸ್‌ವೆಲ್ಲಿನ ನಂತರ ಜಗತ್ತಿನ ಗಣಿಗಳಲ್ಲಿ ಬೆಲ್ಟೇ ಬೇರೆಯಾಯಿತು. ಬ್ರಿಟನ್ನಿನ ಗಣಿಗಳು ನೆಲದೊಳಗೆ ಸಾದಾ ರಬ್ಬರ್ ಬೆಲ್ಟನ್ನು ಬಿಟ್ಟು, ಬೆಂಕಿ ತಗುಲಿದರೂ ತಾನಾಗಿ ನಂದುವ ಪಿವಿಸಿ ಬೆಲ್ಟಿಗೆ ಹೊರಳಿದವು. ಡ್ರಮ್ಮಿನ ಮೇಲೆ ಬೆಲ್ಟಿನ ತುಂಡನ್ನು ಬಿಗಿಹಿಡಿದು ಡ್ರಮ್ಮನ್ನು ತಿರುಗಿಸಿ, ತುಂಡು ಹರಿಯುವವರೆಗೂ ಉರಿ ಕಾಣಬಾರದು ಎಂದು ನೋಡುವ ಪರೀಕ್ಷೆ ಬಂತು. ನಮ್ಮಲ್ಲಿ ಭೂಗತ ಗಣಿಗಳ ಬೆಲ್ಟಿಗೆ ಇರುವ ಭಾರತೀಯ ಮಾನಕ, ಐಎಸ್ 3181, ಇದೇ ವಂಶದ್ದು. ಆ ಪರೀಕ್ಷೆಯನ್ನು ನೋಡಿದರೆ ನನಗೆ ಅದು ಒಂದು ರೀತಿಯ ಶ್ರಾದ್ಧದಂತೆ ಕಾಣುತ್ತದೆ. ಟ್ರಾನ್ಸ್‌ಫರ್ ಪಾಯಿಂಟಿನಲ್ಲಿ ಆ ಜಾವ ನಡೆದದ್ದನ್ನೇ ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ನಡೆಸುತ್ತಾರೆ.

ಬೆಲ್ಟಿನ ರಬ್ಬರನ್ನು ಬದಲಿಸುವುದು ಸಾಧ್ಯವಾಯಿತು. ಕೆಡುಕನ್ನು ಕಂಡವರಿಗೂ ನಿಲ್ಲಿಸುವವರಿಗೂ ನಡುವಿನ ಅಂತರ ಅಷ್ಟು ಸುಲಭಕ್ಕೆ ಬದಲಾಗಲಿಲ್ಲ ಎನ್ನಲು ನನ್ನ ಬಳಿ ಇನ್ನೆರಡು ವರದಿಗಳಿವೆ. ಒಂದು ಗಣಿಯದಲ್ಲ. ಲಂಡನ್ನಿನ ನೆಲದಡಿಯ ರೈಲಿನ ಕಿಂಗ್ಸ್ ಕ್ರಾಸ್ ನಿಲ್ದಾಣದ್ದು. ಅಲ್ಲಿನ ಎಸ್ಕಲೇಟರ್ ಎಂದರೆ ಇಳಿಜಾರಿಗೆ ನಿಲ್ಲಿಸಿ ಮೆಟ್ಟಿಲು ಕೂರಿಸಿದ ಕನ್ವೇಯರೇ. 1896ರಲ್ಲಿ ಜೆಸ್ಸಿ ರೆನೋ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಮನೋರಂಜನೆಗೆಂದು ಇಟ್ಟ ಮೊದಲ ಎಸ್ಕಲೇಟರ್ ಜನರನ್ನು ಹತ್ತಿಸುವ ಇಳಿಜಾರು ಪಟ್ಟಿಯೇ ಆಗಿತ್ತು. ಕಿಂಗ್ಸ್ ಕ್ರಾಸಿನದು ಎರಡನೇ ಮಹಾಯುದ್ಧದ ಹೊತ್ತಿನ ಮರದ ಎಸ್ಕಲೇಟರ್. 1987ರ ನವೆಂಬರ್ 18ರ ಸಂಜೆ ಯಾರೋ ಎಸೆದ ಬೆಂಕಿಕಡ್ಡಿ ಮೆಟ್ಟಿಲ ಸಂದಿಯಿಂದ ಕೆಳಗೆ ಬಿತ್ತು. ಕೆಳಗಿನ ಹಳಿಗಳಲ್ಲಿ ದಶಕಗಳಿಂದ ಪೂರ್ತಿಯಾಗಿ ಒಮ್ಮೆಯೂ ತೆಗೆಯದ ಗ್ರೀಸು, ಕೂದಲು, ಕಾಗದದ ಚೂರು, ಬಟ್ಟೆಯ ನೂಲು ಕೂಡಿಕೊಂಡಿತ್ತು. 31 ಜನ ಸತ್ತರು.

ಡೆಸ್ಮಂಡ್ ಫೆನೆಲ್ ನಡೆಸಿದ ವಿಚಾರಣೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಪದ. ಮರದ ಎಸ್ಕಲೇಟರುಗಳಲ್ಲಿ ಬೆಂಕಿ ಕಾಣಿಸಿಕೊಳ್ಳುವುದು ಅಲ್ಲಿ ಹೊಸದಾಗಿರಲಿಲ್ಲ. ಆದರೆ ಆಡಳಿತದವರು ಅದನ್ನು ಬೆಂಕಿ ಎಂದು ಕರೆಯುತ್ತಿರಲಿಲ್ಲ, 'ಸ್ಮೋಲ್ಡರಿಂಗ್' ಎನ್ನುತ್ತಿದ್ದರು. ಹೊಗೆಯಾಡಿತು, ಅಷ್ಟೆ. ನಮ್ಮ ಮನೆಗಳಲ್ಲೂ ಹೀಗೇ ತಾನೇ, ಗೋಡೆಗೆ ಬಿರುಕು ಬಿಟ್ಟರೆ 'ಸ್ವಲ್ಪ ಗೀರು ಬಿದ್ದಿದೆ' ಎನ್ನುತ್ತೇವೆ. ಬೆಂಕಿ ಎಂದು ಬರೆದರೆ ಯಾರಾದರೂ ಏನಾದರೂ ಮಾಡಬೇಕಾಗುತ್ತದೆ. ಹೊಗೆಯಾಡಿತು ಎಂದು ಬರೆದರೆ ಮುಂದಿನ ಪುಟಕ್ಕೆ ಹೋಗಬಹುದು. ಬಲ್ಲವರನ್ನು ಕರೆಸಬೇಕಾದ ಹೊತ್ತು ಯಾವುದು ಎಂಬುದನ್ನು ಎಷ್ಟೋ ಸಲ ಯಂತ್ರದ ಸ್ಥಿತಿಗಿಂತ ಮೊದಲು ರಿಜಿಸ್ಟರಿನ ಪದವೇ ನಿರ್ಧರಿಸಿರುತ್ತದೆ.

ಇನ್ನೊಂದು ವರದಿ 2006ರದು, ಅಮೆರಿಕದ ವೆಸ್ಟ್ ವರ್ಜೀನಿಯಾದ ಅರಕೋಮಾ ಆಲ್ಮಾ ಕಲ್ಲಿದ್ದಲು ಗಣಿಯದು. ಜನವರಿ 19ರಂದು ಸರಿಯಾದ ಸಾಲಿನಲ್ಲಿ ಓಡದ ಬೆಲ್ಟು ಉಜ್ಜಿ ಬೆಂಕಿಯಾಯಿತು. ನಂದಿಸಲು ಹೋದವರಿಗೆ ಕೊಳಾಯಿಯಲ್ಲಿ ನೀರಿರಲಿಲ್ಲ. ಹೊಗೆಯನ್ನು ತಡೆಯಬೇಕಾದ ಅಡ್ಡಗೋಡೆಗಳನ್ನು ಮೊದಲೇ ತೆಗೆದಿದ್ದರಿಂದ ತಪ್ಪಿಸಿಕೊಳ್ಳುವ ದಾರಿಗೇ ಹೊಗೆ ತುಂಬಿತು. ಹನ್ನೆರಡು ಜನರ ಒಂದು ತಂಡದಲ್ಲಿ ಹತ್ತು ಜನ ಒಬ್ಬರ ಕೈ ಒಬ್ಬರು ಹಿಡಿದು ಹೊರಬಂದರು, ಇಬ್ಬರು ಹೊಗೆಯಲ್ಲಿ ಬೇರೆಯಾಗಿ ಉಳಿದುಹೋದರು. ಕಂಪನಿ ಮುಂದೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ತೆತ್ತಿತು. ಕ್ರೆಸ್‌ವೆಲ್ ಆಗಿ ಐವತ್ತಾರನೆಯ ವರ್ಷ ಅದು. ಕಾರ್ಬನ್ ಮೊನಾಕ್ಸೈಡನ್ನು ಅಳೆಯುವ ಸೆನ್ಸರುಗಳು, ಕಂಪ್ಯೂಟರು ಎಲ್ಲ ಬಂದಿದ್ದವು.

ಇಷ್ಟನ್ನು ಓದಿದ ಮೇಲೆ ನನ್ನ ಪ್ರಶ್ನೆ ನಮ್ಮ ಕಡೆಗೆ ತಿರುಗಿತು. ಭಾರತದ ಕಾನೂನು ಬೆಲ್ಟಿನ ಹತ್ತಿರ ಹೋಗುವವನನ್ನು ಹೇಗೆ ಕಂಡಿದೆ? 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಅಧಿನಿಯಮದ 22ನೇ ಪ್ರಕರಣ ಒಂದು ಸೊಗಸಾದ ಚಿತ್ರ ಕೊಡುತ್ತಿತ್ತು. ಓಡುತ್ತಿರುವ ಯಂತ್ರವನ್ನು ಪರೀಕ್ಷಿಸಲೇಬೇಕಾದರೆ, ಎಣ್ಣೆ ಹಾಕಲೇಬೇಕಾದರೆ, ಅದನ್ನು ವಿಶೇಷ ತರಬೇತಿ ಪಡೆದ ವಯಸ್ಕ ಗಂಡಸೇ ಮಾಡಬೇಕಿತ್ತು. ಅವನು ಮೈಗೆ ಬಿಗಿಯಾದ ಉಡುಪು ತೊಟ್ಟಿರಬೇಕಿತ್ತು. ಆ ಉಡುಪನ್ನು ಮಾಲೀಕನೇ ಕೊಡಬೇಕಿತ್ತು. ಅವನ ಹೆಸರು ಒಂದು ರಿಜಿಸ್ಟರಿನಲ್ಲಿ ದಾಖಲಾಗಿರಬೇಕಿತ್ತು. ಮೋಟಾರಿನಿಂದ ಯಂತ್ರಕ್ಕೆ ತಿರುಗುವಿಕೆ ಸಾಗಿಸುವ ಭಾಗಗಳು ಚಲನೆಯಲ್ಲಿರುವಾಗ ಹೆಂಗಸರಾಗಲಿ ಹರೆಯದವರಾಗಲಿ ಅವನ್ನು ಶುಚಿಮಾಡುವಂತಿರಲಿಲ್ಲ. ಈ ಕೊನೆಯ ಮಾತಿನಿಂದ ಕಾರ್ಖಾನೆಗಳ ರಿಪೇರಿ ಕೆಲಸ ಎಷ್ಟೋ ದಶಕ ಗಂಡಸರದ್ದೇ ಆಗಿ ಉಳಿಯಿತು. ಅದು ನನ್ನ ಪ್ರಬಂಧದ ಇನ್ನೊಂದು ಅಧ್ಯಾಯ, ಇಲ್ಲಿ ಬೇಡ. ಇಲ್ಲಿ ಗಮನಿಸಬೇಕಾದದ್ದು ಆ ರಿಜಿಸ್ಟರು. ಯಾರು ಮುಟ್ಟಬಹುದು ಎಂದು ಕಾನೂನು ಬರೆದಿಟ್ಟಿತು. ಮುಟ್ಟಿದವನು 'ಇದು ನನ್ನ ಕೈಲಾಗುವುದಲ್ಲ, ನಿಲ್ಲಿಸಿ, ಬಲ್ಲವರನ್ನು ಕರೆಸಿ' ಎಂದರೆ ಆ ಮಾತಿಗೆ ಎಷ್ಟು ತೂಕ ಎಂಬುದನ್ನು ಈ ಪ್ರಕರಣ ಹೇಳುತ್ತಿರಲಿಲ್ಲ.

ಆ ತೂಕ ತಿಳಿಯಬೇಕಾದರೆ ಮುಟ್ಟಿದವರನ್ನೇ ಕೇಳಬೇಕು. ಸಂಡೂರು ಸೀಮೆಯಲ್ಲಿ ಅಂಥವರಿಗೆ ಬರವಿಲ್ಲ. ದೋಣಿಮಲೆಯಲ್ಲಿ ಎನ್‌ಎಂಡಿಸಿ ಗಣಿ ಶುರುವಾದದ್ದು 1977ರಲ್ಲಿ. ಅಲ್ಲಿಂದೀಚೆಗೆ ಆ ಬೆಟ್ಟಗಳಲ್ಲಿ ಬೆಲ್ಟು ಹೊಸ ನೋಟವಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಕೆಂಪು ದೂಳೆಬ್ಬಿಸುವ ಲಾರಿಗಳ ಬದಲು ಬೆಲ್ಟಿನಲ್ಲೇ ಅದಿರು ಸಾಗಿಸಬೇಕು ಎಂಬ ಒತ್ತಾಯ ಬೆಳೆಯಿತು. ಈಗ ಸಂಡೂರಿನ ನಂದಿಹಳ್ಳಿಯ ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರೆಗೆ ಸುಮಾರು 24 ಕಿಲೋಮೀಟರಿನ ಪೈಪ್ ಕನ್ವೇಯರ್ ಇದೆ. ಬೆಲ್ಟನ್ನು ಕೊಳವೆಯಂತೆ ಸುರುಳಿ ಸುತ್ತಿ ಒಳಗೆ ಅದಿರು ಕೂರಿಸಿ ಒಯ್ಯುವ ವಿಧಾನ ಅದು. ದೂಳು ಹೊರಗೆ ಬರುವುದಿಲ್ಲ. ಸಾದಾ ಬೆಲ್ಟಿನದೇ ಲೆಕ್ಕ ಹಾಕಿ ನೋಡಿ: ಮೀಟರಿಗೊಂದು ಸೆಟ್ಟು, ಸೆಟ್ಟಿಗೆ ಮೂರು ರೋಲರು ಎಂದರೆ ಒಂದು ಕಿಲೋಮೀಟರಿಗೆ ಮೂರು ಸಾವಿರ ರೋಲರು, ಆರು ಸಾವಿರ ಬೇರಿಂಗು. ಅಷ್ಟನ್ನೂ ಯಾರೋ ಕಿವಿಗೊಟ್ಟು ಕೇಳಬೇಕು.

ಹಾಗೆ ಕೇಳಿದವರೊಬ್ಬರನ್ನು ನಾನು ನಾಲ್ಕು ಸಲ ಭೇಟಿಯಾಗಿದ್ದೇನೆ. ಎಪ್ಪತ್ತು ದಾಟಿದವರು. ಆ ಕಡೆಯ ಒಂದು ಗಣಿಯಲ್ಲಿ ಬೆಲ್ಟ್ ಫಿಟ್ಟರ್ ಆಗಿ ನಿವೃತ್ತರಾದವರು. ಗಣಿಯ ಹೆಸರಾಗಲಿ ಅವರ ಹೆಸರಾಗಲಿ ಬರೆಯುವುದಿಲ್ಲ ಎಂಬ ಮಾತಿನ ಮೇಲೆ ಮಾತಾಡಿದರು. ನಾನು ಅವರನ್ನು ತಾತ ಎಂದೇ ಕರೆಯುವುದು.

'ನೋಡಮ್ಮಾ, ಬೆಲ್ಟು ಸುಮ್ನಿರಲ್ಲ, ಮಾತಾಡ್ತೈತೆ,' ಎಂದರು ಮೊದಲ ದಿನವೇ. 'ಬೇರಿಂಗ್ ಹೋಗೋಕೆ ಮುಂಚೆ ಕಿರ್ ಅಂತೈತೆ. ಆಮೇಲೆ ಗರಗರ ಅಂತೈತೆ. ಆಮೇಲೆ ಸದ್ದೇ ಇರಲ್ಲ. ಸದ್ದು ನಿಂತ್ರೆ ಹೊಸಬ್ರು ಸರಿಹೋಯ್ತು ಅಂದ್ಕಂತಾರೆ. ಅದು ಸತ್ತೈತೆ ಅಂತ ಅರ್ಥ.'

ಯಾವ ಕೆಲಸ ತಾವೇ ಮಾಡಿಕೊಳ್ಳಬಹುದು, ಯಾವುದಕ್ಕೆ ಹೊರಗಿನವರನ್ನು ಕರೆಸಲೇಬೇಕು ಎಂದು ಕೇಳಿದೆ. ತಾತನಿಗೆ ಅದು ಬಹಳ ಸಲೀಸು. ರೋಲರು ಬದಲಿಸುವುದು, ಚೆಲ್ಲಿದ ಅದಿರು ಗೋರುವುದು, ಸ್ಕ್ರೇಪರ್ ಸವೆದರೆ ಹಾಕುವುದು, ಬೆಲ್ಟು ಸ್ವಲ್ಪ ಮಗ್ಗುಲಾದರೆ ರೋಲರ್ ಸ್ಟ್ಯಾಂಡನ್ನು ಕೂದಲೆಳೆಯಷ್ಟು ತಿರುಗಿಸಿ ದಾರಿಗೆ ತರುವುದು, ಇವೆಲ್ಲ ಮನೆ ಕೆಲಸ. 'ಒಂದ್ಸಲ ತಿರುಗಿಸಿದ್ರೆ ಸರಿಹೋಗ್ಬೇಕು. ಮೂರನೇ ದಿನ ಮತ್ತೆ ಅಲ್ಲೇ ಸರಿದ್ರೆ ರೋಲರ್‌ದು ತಪ್ಪಲ್ಲ. ಪುಲ್ಲಿ ಸೊಟ್ಟ ಕುಂತೈತೆ, ಇಲ್ಲ ಫ್ರೇಮು ಕುಸಿದೈತೆ, ಇಲ್ಲ ಜಾಯಿಂಟೇ ಸೊಟ್ಟ ಐತೆ. ಅವತ್ತು ನಾನು ಸುತ್ತಿಗೆ ಕೆಳಗಿಡ್ತಿದ್ದೆ. ಕೆಳಗಿಡ್ದವನು ಹತ್ತು ಸ್ಟ್ಯಾಂಡು ಸೊಟ್ಟ ಮಾಡಿ ಬೆಲ್ಟು ನೆಟ್ಟಗೆ ಓಡಿಸ್ತಾನೆ. ನೋಡೋಕೆ ಚೆನ್ನಾಗಿರ್ತೈತೆ. ಒಳಗೆ ಹತ್ತು ಕಡೆ ಸವೀತಿರ್ತೈತೆ.'

ಜಾಯಿಂಟಿನ ಮಾತು ಬಂದಾಗ ಅವರ ದನಿ ಬದಲಾಗುತ್ತಿತ್ತು. ಕೊನೆಯಿಲ್ಲದ ಪಟ್ಟಿ ಎಂದು ನಾವು ಅಂದುಕೊಳ್ಳುವ ಬೆಲ್ಟಿಗೆ ಎಲ್ಲೋ ಒಂದು ಕಡೆ ಎರಡು ತುದಿ ಕೂಡಿಸಿದ ಜಾಗ ಇದ್ದೇ ಇರುತ್ತದೆ. ಕೂಡಿಸಲು ಎರಡು ದಾರಿ. ಕಬ್ಬಿಣದ ಫಾಸ್ಟನರುಗಳನ್ನು ಸಾಲಾಗಿ ಬಡಿದು ಹೊಲಿಗೆ ಹಾಕಿದಂತೆ ಕೂಡಿಸಬಹುದು. ಬೇಗ ಆಗುತ್ತದೆ, ಬೆಲ್ಟು ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಆದರೆ ಆ ಹೊಲಿಗೆ ಬೆಲ್ಟಿನ ಪೂರ್ತಿ ಬಲಕ್ಕೆ ಬರುವುದಿಲ್ಲ, ಪುಲ್ಲಿ, ಸ್ಕ್ರೇಪರುಗಳಿಗೆ ಬಡಿಯುತ್ತಿರುತ್ತದೆ. ಇನ್ನೊಂದು ವಲ್ಕನೈಸಿಂಗ್. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಬೇಯಿಸಿ ರಬ್ಬರನ್ನು ಗಟ್ಟಿ ಮಾಡಿದ ಅದೇ ವಿದ್ಯೆ. ಎರಡೂ ತುದಿಯ ಬಟ್ಟೆಯ ಪದರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಸೀಳಿ, ಒಂದರ ಮೆಟ್ಟಿಲು ಇನ್ನೊಂದರ ಮೆಟ್ಟಿಲಿಗೆ ಕೂರುವಂತೆ ಮಾಡಿ, ಉಜ್ಜಿ, ಸೊಲ್ಯೂಷನ್ ಬಳಿದು, ನಡುವೆ ಹಸಿ ರಬ್ಬರಿನ ಹಾಳೆ ಇಟ್ಟು, ಪ್ರೆಸ್ಸಿನಲ್ಲಿ ಬಿಗಿದು ನೂರನಲವತ್ತು ಡಿಗ್ರಿಗೂ ಮೀರಿ ಬೇಯಿಸಬೇಕು. ಸೊಲ್ಯೂಷನ್ ಒಣಗುವ ಮೊದಲು ಅಂಟಿಸಿದರೂ ಕೆಟ್ಟಿತು, ದೂಳು ಬಿದ್ದರೂ ಕೆಟ್ಟಿತು, ತೇವವಾದರೂ ಕೆಟ್ಟಿತು. ತುದಿಗಳು ಒಂದು ನೂಲು ಸೊಟ್ಟ ಕೂತರೆ ಬೆಲ್ಟು ಪ್ರತಿ ಸುತ್ತಿಗೂ ಅಲ್ಲೊಮ್ಮೆ ಮಗ್ಗುಲಾಗುತ್ತದೆ. ಇದು ಫಿಟ್ಟರನ ಕೆಲಸವಲ್ಲ, ಇದಕ್ಕೆಂದೇ ಪಳಗಿದವರಿರುತ್ತಾರೆ. ಅವರು ಬರಬೇಕಾದರೆ ಪ್ರೆಸ್ಸು ಬರಬೇಕು, ಶಟ್‌ಡೌನ್ ಕೊಡಬೇಕು, ಒಂದೆರಡು ಪಾಳಿಯ ಉತ್ಪಾದನೆ ಬಿಡಬೇಕು.

ಶಟ್‌ಡೌನ್ ಕೊಡಬೇಕು ಎಂಬಲ್ಲಿಗೆ ಬಂದರೆ ತಾತ ನಗುತ್ತಿದ್ದರು. ಅವರ ಗಣಿಯ ಬೆಲ್ಟು ಬೆಟ್ಟದಿಂದ ಕೆಳಕ್ಕೆ ಇಳಿಯುವಂಥದ್ದು. ತುಂಬಿದ ಅದಿರಿನ ಭಾರಕ್ಕೆ ಅದು ತಾನೇ ಓಡಲು ನೋಡುತ್ತದೆ. ಅಲ್ಲಿ ಮೋಟಾರಿನ ಕೆಲಸ ಎಳೆಯುವುದಕ್ಕಿಂತ ತಡೆಯುವುದು. ಬ್ರೇಕು ಕೈಕೊಟ್ಟರೆ ಬೆಟ್ಟದ ಮೇಲಿನಿಂದ ಕೆಳಗಿನವರೆಗೆ ಟನ್ನುಗಟ್ಟಲೆ ಕಲ್ಲು ಒಂದೇ ಸಮ ಧುಮುಕುತ್ತದೆ. ಒಮ್ಮೆ ಹೀಗಾಯಿತಂತೆ: ಜಾಯಿಂಟಿನ ಅಂಚು ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಅವರು ಶಿಫ್ಟ್ ಬುಕ್ಕಿನಲ್ಲಿ ಬರೆದರು. ಮೇಲಿನವರು ಫಾಸ್ಟನರ್ ಬಡಿದು ಓಡಿಸಿ, ತಿಂಗಳ ಕೊನೆಗೆ ನೋಡೋಣ ಎಂದರು. ಟಾರ್ಗೆಟ್ ಇತ್ತು. ಬಂದರಿನಲ್ಲಿ ಹಡಗು ಕಾಯುತ್ತಿತ್ತು ಎಂದು ಹೇಳಿದರಂತೆ. ತಾತ ಬಡಿದರು. ಬಡಿದ ಮೇಲೆ ಬುಕ್ಕಿನಲ್ಲಿ 'ಜಾಯಿಂಟ್ ಸರಿಪಡಿಸಲಾಗಿದೆ' ಎಂದು ಬರೆಯಲು ಹೇಳಿದರು. ಅದಕ್ಕೆ ಅವರು ಒಪ್ಪಲಿಲ್ಲ. 'ಸರಿ ಅಂತ ಬರೆದ್ರೆ ಅದು ಸರಿ ಆಗಿಬಿಡ್ತೈತೆ. ತಾತ್ಕಾಲಿಕ ಅಂತ ಬರೆದೆ. ತಾ-ತ್ಕಾ-ಲಿ-ಕ. ಆ ಒಂದು ಪದಕ್ಕೆ ಬೈಗುಳ ತಿಂದೆ.'

ಒಂಬತ್ತನೇ ದಿನ ಜಾಯಿಂಟು ಬಿಟ್ಟಿತು. ಬೆಲ್ಟು ಬೆಟ್ಟದಿಂದ ಸರ್ರನೆ ಜಾರಿ ಕೆಳಗಿನ ಪುಲ್ಲಿಯ ಬುಡದಲ್ಲಿ ಗುಡ್ಡೆ ಬಿತ್ತು. ಊಟದ ಹೊತ್ತು, ಅಲ್ಲಿ ಯಾರೂ ಇರಲಿಲ್ಲ. ಹಾಗಾಗಿ ವಿಚಾರಣೆಯಿಲ್ಲ, ವರದಿಯಿಲ್ಲ, ನನ್ನಂಥವರಿಗೆ ಗ್ರಂಥಾಲಯದಲ್ಲಿ ಸಿಗುವ ಕಾಗದವೂ ಇಲ್ಲ. ವಲ್ಕನೈಸಿಂಗಿನವರು ಬಂದರು, ನಾಲ್ಕು ದಿನ ಕೆಲಸ ನಿಂತಿತು. ಎರಡು ಪಾಳಿ ಉಳಿಸಲು ಹೋಗಿ ಕಳೆದುಕೊಂಡದ್ದು ಅಷ್ಟು.

ಕ್ರೆಸ್‌ವೆಲ್ಲಿಗೂ ಇದಕ್ಕೂ ಇರುವ ವ್ಯತ್ಯಾಸ ಊಟದ ಗಂಟೆ ಮಾತ್ರ ಎಂದು ಹೇಳಿದರೆ ನನ್ನ ಗೈಡು ಒಪ್ಪುವುದಿಲ್ಲ. ನೆಲದೊಳಗಿನ ಕಲ್ಲಿದ್ದಲು ಬೇರೆ, ಬಯಲಿನ ಕಬ್ಬಿಣದ ಅದಿರು ಬೇರೆ, ಕಾಲ ಬೇರೆ, ಕಾನೂನು ಬೇರೆ. ಸರಿಯೇ. ಆದರೂ ಅಪಘಾತದ ವರದಿಗಳನ್ನಷ್ಟೇ ಓದಿ ಬರೆದ ಚರಿತ್ರೆಯಲ್ಲಿ ಈ ಒಂಬತ್ತು ದಿನಗಳಿಗೆ ಜಾಗವಿರುವುದಿಲ್ಲ. ಸಾವಾಗಲಿಲ್ಲ ಎಂಬ ಕಾರಣಕ್ಕೆ ನಡೆದದ್ದು ನಡೆಯಲೇ ಇಲ್ಲ ಎಂದಾಗಿಬಿಡುತ್ತದೆ.

ನಾಲ್ಕನೇ ಭೇಟಿಯಲ್ಲಿ ತಾತ ಒಳಗಿನಿಂದ ಒಂದು ಟ್ರಂಕು ತರಿಸಿದರು. ಕಂಪನಿಯ ಶಿಫ್ಟ್ ಬುಕ್ಕುಗಳು ಯಾವಾಗಲೋ ರದ್ದಿಗೆ ಹೋಗಿವೆ. ಇವು ಅವರ ಸ್ವಂತದವು, ಬೀಡಿ ಅಂಗಡಿಯ ಉದ್ದನೆ ಲೆಕ್ಕದ ಪುಸ್ತಕಗಳು, ಒಟ್ಟು ಹದಿನೇಳು. ದಿನಕ್ಕೊಂದು ಸಾಲು. ತಾರೀಕು, ಪಾಳಿ, ಬೆಲ್ಟಿನ ನಂಬರು, ಕಂಡದ್ದು, ಮಾಡಿದ್ದು, ಹೇಳಿದ್ದು ಯಾರಿಗೆ. ಬಹಳಷ್ಟು ಸಾಲುಗಳಲ್ಲಿ ಇರುವುದು 'ಏನೂ ಇಲ್ಲ' ಎಂಬ ಎರಡೇ ಪದ. ಪುಟಗಟ್ಟಲೆ ಏನೂ ಇಲ್ಲ, ಏನೂ ಇಲ್ಲ. ನಡುವೆ ಅಲ್ಲಲ್ಲಿ 'ಮೂರನೇ ಸಲ', 'ಹೇಳಿದೆ', 'ಮತ್ತೆ ಹೇಳಿದೆ'.

ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದೆ. 'ಏನೂ ಇಲ್ಲ ಅಂತ ಬರೆದಿದ್ದೂ ಬೇಕಾ ನಿಂಗೆ?' ಎಂದರು. ಅದೇ ಮೊದಲು ಬೇಕು ಎಂದೆ. ಕಿಟಕಿಯ ಬೆಳಕು ಇರುವವರೆಗೆ ಮೂರು ಪುಸ್ತಕ ಮುಗಿದವು. ಇನ್ನು ಹದಿನಾಲ್ಕು ಉಳಿದಿವೆ.